ಹುಳು ಮನೆಯ ಎಡೆ

ನನ್ನ ಬಾಯಿ ಒಳ್ಳೆಯದಲ್ಲ. ಊರೆಲ್ಲ ಹೇಳುತ್ತದೆ, ನಾನೂ ಒಪ್ಪುತ್ತೇನೆ. "ನಿಂಗೆ ಸೌಮ್ಯ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ" ಎಂದು ಅಜ್ಜಿಯೇ ನಗುತ್ತಿದ್ದಳು. ಈಗ ಹೇಳುವ ಕತೆಯಲ್ಲೂ ಮೊದಲ ತಪ್ಪು ಕೈಯದು, ಎರಡನೆಯದು ಬಾಯಿಯದು.

ಅಜ್ಜಿ ವೆಂಕಟಲಕ್ಷ್ಮಮ್ಮ ನಲವತ್ತು ವರ್ಷ ರೇಷ್ಮೆ ಹುಳು ಮೇಯಿಸಿದವಳು. ನಮ್ಮೂರು ಬಿಡದಿಯಿಂದ ಆರು ಮೈಲಿ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ಮುನಾವರ್ ಸಾಹೇಬರು ರಾಶಿಯಿಂದ ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ವೆಂಕಟಲಕ್ಷ್ಮಮ್ಮಂದು" ಎನ್ನುತ್ತಿದ್ದರು. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದ್ದೂ ಅವಳೇ. ಹುಳುವಿನ ತಟ್ಟೆಗಳ ನಡುವೆ ಚಾಪೆ ಹಾಸಿ ಮಲಗಿಸುತ್ತಿದ್ದಳು. ಸಾವಿರಾರು ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಕೇಳುತ್ತಲೇ ನಾನು ನಿದ್ದೆ ಹೋದವಳು.

ಅವಳಿಗೆ ಒಂದು ಚಟವಿತ್ತು, ಹೊಗೆಸೊಪ್ಪು. ದವಡೆಯಲ್ಲಿ ಸದಾ ಒಂದು ಎಸಳು. ಆದರೆ ಹುಳು ಮನೆಗೆ ಹೋಗುವ ಮುಂಚೆ ಎಲೆಅಡಿಕೆ ಚೀಲವನ್ನು ಹೊರಗಿನ ಬೇವಿನ ಮರಕ್ಕೆ ನೇತು ಹಾಕಿ, ಬಾಯಿ ಮುಕ್ಕಳಿಸಿ, ಹುಣಸೆಹಣ್ಣು ಹಾಕಿ ಕೈ ಉಜ್ಜಿಕೊಂಡೇ ಒಳಗೆ ಕಾಲಿಡುತ್ತಿದ್ದಳು. ರೇಷ್ಮೆ ಹುಳುವಿಗೆ ಹೊಗೆಸೊಪ್ಪು ವಿಷ.

ಅಜ್ಜಿ ಹೋಗಿ ಏಳು ತಿಂಗಳಾಗಿತ್ತು. ಅವಳ ಮಗ, ನನ್ನ ಚಿಕ್ಕಪ್ಪ ನರೇಂದ್ರ, ಹುಳು ಮನೆಯನ್ನು ನಾಲ್ಕು ರೂಮು ಮಾಡಿ ಬಿಡದಿಯ ಕಾರ್ಖಾನೆ ಹುಡುಗರಿಗೆ ಬಾಡಿಗೆಗೆ ಬಿಡುತ್ತೇನೆ ಎಂದು ಕೂತಿದ್ದ. ನಾನು ಜಗಳ ಆಡಿದೆ, ಊಟ ಬಿಟ್ಟೆ. ಕೊನೆಗೆ ಅವನೇ ಸೋತು, "ಒಂದು ಬೆಳೆ ತೆಗ್ದು ತೋರ್ಸು. ಅವ್ವನ ಹೆಸರು ಉಳಿಸಂಗಿದ್ರೆ ಮನೆ ಉಳಿಲಿ. ಇಲ್ದಿದ್ರೆ ರೂಮು" ಎಂದ. ಹುಳು ತಂದೆ. ನಾಲ್ಕೂ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಚೆನ್ನಾಗಿ ಎದ್ದವು. ಇನ್ನು ಮೂರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು, ಅಷ್ಟರಲ್ಲಿ ಮಾರ್ಲಾಮಿ ಅಮಾವಾಸ್ಯೆ ಬಂತು.

ಸತ್ತವರಿಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಬಂದು ಉಣ್ಣುವಷ್ಟು ಹೊತ್ತು ನಾವೆಲ್ಲ ಹೊರಗೆ ನಿಲ್ಲುವ ಹಬ್ಬ ಅದು. ಚಿಕ್ಕಮ್ಮ ನಡುಮನೆಯಲ್ಲಿ ಹೊಸ ಸೀರೆ, ಮುದ್ದೆ, ಕೋಳಿ ಸಾರು ಇಟ್ಟಳು. ನನಗೆ ಸಮಾಧಾನವಾಗಲಿಲ್ಲ. ಅಜ್ಜಿ ನಡುಮನೆಯಲ್ಲಿ ಕೂತು ಉಂಡ ದಿನ ಯಾವುದು? ಬಂದರೆ ಅವಳು ಹುಳು ಮನೆಗೇ ಬರುತ್ತಾಳೆ. ನಾನೊಂದು ಬೇರೆ ಎಡೆ ಮಾಡಿದೆ. ಮೊರದಲ್ಲಿ ಬಾಳೆಎಲೆ, ಅದರ ಮೇಲೆ ಮುದ್ದೆ, ಸಾರು, ಪಕ್ಕದಲ್ಲಿ ಒಂದು ಹಿಡಿ ಹೊಗೆಸೊಪ್ಪು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿಕ್ಕಪ್ಪನ ಬೀಡಿ ಹೊಗೆ ಬೇರೆ, ಹಿರಿಯರ ಎಡೆ ಬೇರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ನೆಲದಲ್ಲಿ ಇಟ್ಟರೆ ಇರುವೆ ಹತ್ತುತ್ತದೆ ಎಂದು ಮೊರವನ್ನು ಮೂಲೆಯ ಸೊಪ್ಪಿನ ರಾಶಿಯ ಮೇಲಿಟ್ಟೆ. ಅಜ್ಜಿ ಒರಗಿ ಕೂರುತ್ತಿದ್ದ ಜಾಗ ಅದು. ಶಾಸ್ತ್ರದಂತೆ ಮೂರು ಸಲ ಎಡೆಯ ಸುತ್ತ ನೀರು ಬಿಟ್ಟೆ. ಬಾಗಿಲೆಳೆದುಕೊಂಡು ಹೊರಗೆ ನಿಂತು, "ಬಾರಜ್ಜಿ, ಬಂದು ಉಣ್ಣು" ಎಂದು ಅತ್ತೆ. ಆಮೇಲೆ ಒಳಗೆ ಹೋಗಿ, ಮೊರ ಒಂದು ಪಕ್ಕಕ್ಕೆ ಸರಿಸಿ, ಅದೇ ರಾಶಿಯಿಂದ, ಹುಳುವಿನ ತಟ್ಟೆ ಜೋಡಿಸಿದ ಐದು ಅಂತಸ್ತಿನಲ್ಲಿ ಮೇಲಿನ ಮೂರಕ್ಕೆ ಸೊಪ್ಪು ಹಾಕಿದೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಕೆಳಗಿನ ಎರಡಕ್ಕೆ ತಾನು ಹಾಕುತ್ತೇನೆಂದು ಚಿಕ್ಕಪ್ಪ ಹೇಳಿದ. ಹಬ್ಬದೂಟದ ಭಾರಕ್ಕೆ ನಾನು ಮಲಗಿಬಿಟ್ಟೆ.

ಬೆಳಿಗ್ಗೆ ಬಾಗಿಲು ತೆಗೆದರೆ ಸದ್ದಿಲ್ಲ. ಮೇಲಿನ ಅಂತಸ್ತುಗಳಲ್ಲಿ ಹುಳು ತಲೆ ಎತ್ತಿ ಹಾಗೇ ಸೆಟೆದುಕೊಂಡಿದ್ದವು, ಬಾಯಲ್ಲಿ ಕಂದು ನೀರು. ನಾನು ಬಿಟ್ಟರೆ ಹಿಂದಿನ ಸಂಜೆ ಒಳಗೆ ಹೋದವನು ಚಿಕ್ಕಪ್ಪ ಒಬ್ಬನೇ. ಬೀಡಿ ಸೇದುವವನೂ ಅವನೇ. ರೂಮು ಬೇಕಾದವನೂ ಅವನೇ.

ಚಿಕ್ಕಪ್ಪ ಬೀದಿಯಲ್ಲಿ ಹಸುವಿಗೆ ನೀರು ಕುಡಿಸುತ್ತಿದ್ದ. ಅಲ್ಲೇ ಹೋಗಿ ನಿಂತೆ. "ಬೀಡಿ ಕೈಲೇ ಒಳಗೋಗಿ ಕೊಂದಲ್ಲಾ! ಹೆತ್ತವ್ವನ ಹಬ್ಬದ ದಿನಾನೇ ಅವಳ ಹೊಟ್ಟೆಗೆ ಬೆಂಕಿ ಇಕ್ದೆ!" ಇನ್ನೂ ಏನೇನೋ ಅಂದೆ. ಬೀದಿಯ ಜನವೆಲ್ಲ ಬಾಗಿಲಿಗೆ ಬಂದರು. ಚಿಕ್ಕಪ್ಪ ನೀರಿನ ಬಕೆಟ್ಟು ಪಕ್ಕಕ್ಕಿಟ್ಟ. ಹಸು ಹಿಡಿದುಕೊಂಡು ಹೊಲದ ಕಡೆ ಹೋದ.

ಸತ್ತ ಹುಳು ತೆಗೆಯಲು ನಾನೊಬ್ಬಳೇ ಹೋದೆ. ಮೇಲಿನ ಮೂರು ಅಂತಸ್ತು ಬರಿದು ಮಾಡಿ ಕೆಳಗೆ ಬಗ್ಗಿದೆ. ಕೆಳಗಿನ ಎರಡರಲ್ಲಿ ಹುಳುಗಳು ಬದುಕಿದ್ದವು. ತಿನ್ನುತ್ತಿದ್ದವು. ಅವು ಚಿಕ್ಕಪ್ಪ ಸೊಪ್ಪು ಹಾಕಿದ ಅಂತಸ್ತುಗಳು. ಮೂಲೆಗೆ ತಿರುಗಿದೆ. ರಾಶಿ ಇರಲಿಲ್ಲ, ಮೊರವೂ ಇರಲಿಲ್ಲ. ಹೊರಗೆ ತಿಪ್ಪೆಯ ಮೇಲೆ ಆ ಸೊಪ್ಪೆಲ್ಲ ಬಿದ್ದಿತ್ತು. ಎಲೆಗಳ ಮೇಲೆ ಕಂದು ಕಲೆ. ಮೂಸಿದೆ. ಅಜ್ಜಿಯ ಬಾಯಿಯ ವಾಸನೆ.

ನಾನು ಬಿಟ್ಟ ನೀರು ಹೊಗೆಸೊಪ್ಪು ನೆನೆಸಿ, ಮೊರದಿಂದ ರಾಶಿಗೆ ಇಳಿದಿತ್ತು.

ಹೊಲದಲ್ಲಿ ಚಿಕ್ಕಪ್ಪ ಬದುವಿನ ಮೇಲೆ ಕೂತಿದ್ದ. "ನಿಂಗೆ ಗೊತ್ತಿತ್ತು" ಎಂದೆ.

"ನೋಡ್ದೆ ಕಣವ್ವ. ಅಷ್ಟೊತ್ಗೆ ಮೇಲಿನವು ಕಡ್ಡಿ ಬುಟ್ಟು ಎಲ್ಲಾ ತಿಂದಿದ್ವು. ಉಳ್ದಿದ್ದು ಎಸ್ದು ಹೊಸ ಸೊಪ್ಪು ಕುಯ್ಕಂಡು ಬಂದೆ. ಏನೂ ಆಗ್ದೆ ಇರ್ಲಿ ಅಂತ ಅಂದ್ಕಂಡೆ."

"ಬೀದೀಲಿ ಯಾಕೆ ಬಾಯಿ ಬಿಡ್ಲಿಲ್ಲ?"

"ಅವ್ವನ ಎಡೆಯಿಂದ ಹುಳ ಸತ್ವು ಅಂದ್ರೆ ಊರೋರು ಏನಂತಾರೆ? ಮುದುಕಿ ಬಂದು ಬೆಳೆ ತಿನ್ಕಂಡೋದ್ಲು ಅಂತಾರೆ. ಅವಳ ಹೆಸರು ಎತ್ತೋಕೂ ಎದ್ರುತಾರೆ. ನನ್ನ ಅನ್ಕಳ್ಳಿ ಬುಡು, ಬೀಡಿ ಸೇದೋನು." ಬದುವಿನ ಹುಲ್ಲೊಂದು ಕಿತ್ತು, "ಹುಳ ಮನೇಲಿದ್ದಾಗ ನಾನು ಬೀಡಿ ಮುಟ್ಟಲ್ಲ. ಅವ್ವಂಗೆ ಗೊತ್ತಿತ್ತು" ಎಂದ. ನನ್ನ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಕಾಲು ಹಿಡಿಯಲು ಹೋದರೆ ಎದ್ದು ದೂರ ಸರಿದ.

ಮಾರನೆಯ ಬೆಳಿಗ್ಗೆ ಡೈರಿ ಮುಂದೆ ಹಾಲು ಹಾಕಲು ಸಾಲು ನಿಂತಿತ್ತು. ಚಿಕ್ಕಪ್ಪ ಕ್ಯಾನು ಹಿಡಿದು ಕೊನೆಯಲ್ಲಿದ್ದ, ಅವನ ಪಕ್ಕ ಯಾರೂ ನಿಂತಿರಲಿಲ್ಲ. ನಾನು ಸಾಲಿನ ಮುಂದೆ ಹೋಗಿ ಹೇಳಿದೆ. "ಹುಳ ಕೊಂದಿದ್ದು ನಾನು. ಸೊಪ್ಪಿನ ಮೇಲೆ ಹೊಗೆಸೊಪ್ಪಿನ ಎಡೆ ಇಟ್ಟು ನೀರು ಬುಟ್ಟೆ. ಚಿಕ್ಕಪ್ಪನ್ನ ಸುಮ್ಸುಮ್ನೆ ಅಂದೆ."

ಚಿಕ್ಕಪ್ಪ ಹೆದರಿದ್ದೇ ಆಯಿತು. ಪಕ್ಕದ ಮನೆಯ ಮುದುಕ ವೆಂಕಟಯ್ಯ ದನಿ ತಗ್ಗಿಸಿ, "ಹಂಗಾರೆ ನಿಮ್ಮಜ್ಜಿ ಬಂದಿದ್ಲಾ?" ಎಂದು ಕೇಳಿದ.

"ಬರ್ಲಿಲ್ಲ ತಾತ. ಬಂದಿದ್ರೆ ಹೊಗೆಸೊಪ್ಪು ಒಳಗೆ ತಂದಿದ್ದಕ್ಕೆ ನಂಗೆ ಎರಡು ಬಾರ್ಸಿ, ಮೊರ ಎತ್ತಿ ಆಚೆಗೆ ಎಸ್ಯೋಳು. ಹುಳ ಬದುಕ್ತಿದ್ವು. ಅವಳು ಬರ್ಲಿಲ್ಲ."

ಹೇಳುತ್ತಾ ಹೇಳುತ್ತಾ ನನಗೇ ದುಃಖ ತಡೆಯಲಾಗಲಿಲ್ಲ. ಏಳು ತಿಂಗಳಲ್ಲಿ ಅಷ್ಟು ಅತ್ತಿರಲಿಲ್ಲ. ಚಿಕ್ಕಪ್ಪ ಹಾಲು ಅಳೆಸಿ, ಖಾಲಿ ಕ್ಯಾನು ನನ್ನ ಕೈಗೆ ಕೊಟ್ಟ.

"ಕೆಳಗಿನ ಎರಡು ಅಂತಸ್ತು ಹಸ್ಕಂಡವೆ, ನಡಿ. ಹುಣಸೆಹಣ್ಣು ಹಾಕಿ ಕೈ ತೊಳ್ಕ ಮೊದ್ಲು" ಎಂದ.