ಶಾಲೆ ಬಿಟ್ಟ ಕಾರಣ

ಗ್ರೀಷ್ಮಾಳಿಗೆ ಶಾಲೆ ಆರಿಸುವ ಕೆಲಸ ನಮ್ಮ ಮನೆಯಲ್ಲಿ ಎಂಟು ತಿಂಗಳು ನಡೆಯಿತು. ನಮ್ಮ ಮನೆ ಎನ್ನುವುದು ಬಾಯಿಯ ಅಭ್ಯಾಸ. ದೋಹಾದ ಪಕ್ಕದ ಅಲ್ ವಕ್ರಾದ ಆ ಫ್ಲ್ಯಾಟು ಅಮಿತಾ ಚಿಕ್ಕಮ್ಮನದು, ಗ್ರೀಷ್ಮಾ ಅವರ ಮಗಳು. ನಾನು ಅವರ ಅಕ್ಕನ ಮಗಳು ಲೀಲಾಕ್ಷಿ, ವೀಸಾದಲ್ಲಿ ಮನೆಗೆಲಸದವಳು.

ಫ್ರಿಜ್ಜಿನ ಬಾಗಿಲಿಗೆ ಚಿಕ್ಕಮ್ಮ ಒಂದು ಪಟ್ಟಿ ಅಂಟಿಸಿದ್ದರು. ಹನ್ನೊಂದು ಶಾಲೆಗಳ ಹೆಸರು. ವಾಟ್ಸ್ಯಾಪ್ ಗುಂಪಿನ ತಾಯಂದಿರು ಏನಾದರೂ ಹೇಳಿದ ದಿನ ಒಂದೊಂದು ಹೆಸರಿಗೆ ಕೆಂಪು ಗೀಟು ಬೀಳುತ್ತಿತ್ತು. ಒಂದರಲ್ಲಿ ಹುಡುಗರೂ ಇದ್ದಾರೆ. ಒಂದರ ಬಸ್ಸು ಇಂಡಸ್ಟ್ರಿಯಲ್ ಏರಿಯಾ ಸುತ್ತಿ ಬರುತ್ತದೆ. ಒಂದರ ಟೀಚರುಗಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಕೊನೆಗೆ ಉಳಿದದ್ದು ಹುಡುಗಿಯರ ಗ್ರಾಮರ್ ಸ್ಕೂಲ್ ಒಂದೇ. ಏಳನೇ ತರಗತಿಗೆ ಇಪ್ಪತ್ತನಾಲ್ಕು ಸೀಟು, ಪರೀಕ್ಷೆ ಬರೆಯುವವರು ಮುನ್ನೂರು.

"ವ್ಯಾಕರಣಕ್ಕೇ ಒಂದು ಶಾಲೆಯಾ?" ಎಂದರು ಅಕ್ಷಯ್ ಚಿಕ್ಕಪ್ಪ. ಅವರು ವೆಸ್ಟ್ ಬೇಯ ಆಫೀಸಿನಿಂದ ಬಂದು ಇನ್ನೂ ಟೈ ಬಿಚ್ಚಿರಲಿಲ್ಲ. "ನಮಗೆಲ್ಲ ವಾರಕ್ಕೆ ಒಂದು ಪೀರಿಯಡ್ ಸಾಕಾಗ್ತಿತ್ತು ಮಾರಾಯ್ತಿ."

"ನೀವು ಸುಮ್ಮನಿರಿ. ಅಲ್ಲಿ ಸೀಟು ಸಿಕ್ಕಿದ್ರೆ ಹುಡುಗಿಯ ಲೈಫ್ ಸೆಟ್ಲ್, ಖಲಾಸ್, ಮತ್ತೆ ಚಿಂತೆಯೇ ಇಲ್ಲ."

ಗ್ರೀಷ್ಮಾ ಓದಿದ್ದನ್ನು ಒಪ್ಪಿಸುವಾಗ ಪುಸ್ತಕ ಹಿಡಿದು ಕೂರುವುದು ನನ್ನ ಕೆಲಸ. ತಪ್ಪಿದರೆ ಬೆರಳಿನಿಂದ ಮೇಜು ತಟ್ಟಬೇಕು, ಬಾಯಿ ಬಿಡಬಾರದು. ನನ್ನ ಇಂಗ್ಲಿಷ್ ಕೇಳಿದರೆ ಅವಳ ಉಚ್ಚಾರ ಕೆಡುತ್ತದೆಯಂತೆ. ನಾನು ತಟ್ಟುತ್ತಿದ್ದೆ. ಎಂಟು ತಿಂಗಳು ಹಾಗೆ ಪುಸ್ತಕ ಹಿಡಿದವಳ ತಲೆಗೆ ಏನೂ ಹೋಗುವುದಿಲ್ಲ ಎಂದು ಅವರು ಹೇಗೆ ನಂಬಿದರೋ. ಅಭ್ಯಾಸದ ಲೆಕ್ಕಗಳನ್ನು ನಾನು ಅಕ್ಕಿ ಬೇಯುವಷ್ಟರಲ್ಲಿ ಟಿಶ್ಯೂ ಡಬ್ಬಿಯ ರಟ್ಟಿನ ಮೇಲೆ ಮಾಡಿ ಮುಗಿಸುತ್ತಿದ್ದೆ. ಒಂದು ಪುಸ್ತಕದ ಹಿಂದೆ ಕೊಟ್ಟಿದ್ದ ಉತ್ತರವೇ ತಪ್ಪಿತ್ತು. ನಾನು ಯಾರಿಗೂ ಹೇಳಲಿಲ್ಲ.

ನೆಂಟರು ಬಂದಾಗ ಚಿಕ್ಕಮ್ಮ ನನ್ನೆದುರೇ ಹೇಳುತ್ತಿದ್ದರು: "ಓದು ಹತ್ಲಿಲ್ಲ ಇದಕ್ಕೆ. ಎಂತ ಮಾಡುದು, ಅಕ್ಕನಿಗೆ ಉಪಕಾರ ಆಗ್ಲಿ ಅಂತ ಕರ್ಕೊಂಡು ಬಂದದ್ದು."

ನಡೆದದ್ದು ಹೀಗೆ. ಒಂಬತ್ತನೇ ತರಗತಿಯಲ್ಲಿ ನಾನು ಶಾಲೆಗೆ ಮೊದಲಿಗಳು. ಆ ಬೇಸಿಗೆಯಲ್ಲಿ ರಜೆಗೆ ಬಂದ ಚಿಕ್ಕಮ್ಮ, ಮಂಗಳೂರಿನಲ್ಲಿ ಹಾಸ್ಟೆಲ್ ಇರುವ ದೊಡ್ಡ ಹುಡುಗಿಯರ ಶಾಲೆಯಲ್ಲಿ ಮಾತಾಡಿದ್ದೇನೆ, ಟಿ.ಸಿ. ತೆಗೆದರೆ ಸೀಟು ಖಂಡಿತ ಎಂದರು. ನಮ್ಮ ಹೆಡ್‌ಮಿಸ್ಟ್ರೆಸ್ ವಾರಿಜಾ ಟೀಚರ್ ಒಲ್ಲದ ಮನಸ್ಸಿನಿಂದ ಟಿ.ಸಿ. ಬರೆದು ಚಿಕ್ಕಮ್ಮನ ಕೈಗೆ ಕೊಟ್ಟರು. ನಾನು ಹೊಸ ಬ್ಯಾಗಿನೊಂದಿಗೆ ಚಿಕ್ಕಮ್ಮನ ಜೊತೆ ಬಸ್ಸು ಹತ್ತಿದೆ. ಇಳಿದದ್ದು ಸುರತ್ಕಲ್‌ನಲ್ಲಿ, ಅವರ ಅತ್ತೆಯ ಮನೆಯ ಮುಂದೆ. ಅತ್ತೆ ಹಾಸಿಗೆ ಹಿಡಿದಿದ್ದರು. ನಾಲ್ಕು ದಿನ ನೋಡಿಕೋ ಎಂದರು ಚಿಕ್ಕಮ್ಮ. ನಾಲ್ಕನೆಯ ದಿನ, ಟಿ.ಸಿ. ಬಸ್ಸಿನಲ್ಲಿ ಕಳೆದುಹೋಯಿತು, ಅದಿಲ್ಲದೆ ಯಾವ ಶಾಲೆಯೂ ಸೇರಿಸುವುದಿಲ್ಲ ಎಂದರು. ಆ ನಾಲ್ಕು ದಿನ ಮೂರು ವರ್ಷವಾಯಿತು. ಅತ್ತೆ ತೀರಿಕೊಂಡ ಮೇಲೆ ನನಗೆ ಪಾಸ್‌ಪೋರ್ಟ್ ಮಾಡಿಸಿ ದೋಹಾಕ್ಕೆ ತಂದರು. ಈಗ ನನಗೆ ಇಪ್ಪತ್ತೊಂದು.

ಗ್ರೀಷ್ಮಾ ಪರೀಕ್ಷೆಯಲ್ಲಿ ಪಾಸಾದಳು. ಚಿಕ್ಕಮ್ಮ ಆ ಸಂತೋಷದಲ್ಲಿ ಒಂದು ದುಡುಕು ಮಾಡಿದರು. ಗ್ರಾಮರ್ ಸ್ಕೂಲಿನ ಪತ್ರ ಬರುವ ಮೊದಲೇ ಹಳೆಯ ಶಾಲೆಯಿಂದ ಅವಳ ಟಿ.ಸಿ. ತೆಗೆದರು. ಅಲ್ಲಿ ಆ ಜಾಗಕ್ಕೆ ಮರುದಿನವೇ ಬೇರೆ ಮಗು ಬಂತು. ಗ್ರಾಮರ್ ಸ್ಕೂಲಿನವರು, ಗುರುವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಮೂಲ ದಾಖಲೆಗಳನ್ನು ಕೈಯಾರೆ ತಂದು ಕೊಡಬೇಕು, ತಪ್ಪಿದರೆ ಸೀಟು ಮುಂದಿನವರಿಗೆ ಎಂದು ಬರೆದರು.

ಬುಧವಾರ ಬೆಳಿಗ್ಗೆ ಚಿಕ್ಕಮ್ಮ ನೀಲಿ ಫೈಲನ್ನು ನನ್ನ ಮುಂದೆ ಹಾಕಿದರು. "ಶಾಲೆಯವರು ಕೊಟ್ಟ ಪಟ್ಟಿ ನೋಡಿ ಸರಿಯಾಗಿ ಜೋಡಿಸಿಡು. ನಂಗೆ ಟೈಮಿಲ್ಲ." ಹೇಳಿ ಬ್ಯೂಟಿಪಾರ್ಲರಿಗೆ ಹೋದರು.

ಗಲ್ಫಿನವರು ಕಾಗದ ಬಿಸಾಡುವುದಿಲ್ಲ, ಯಾವತ್ತು ಯಾವುದನ್ನು ಕೇಳುತ್ತಾರೋ ಎಂಬ ಹೆದರಿಕೆ. ಗ್ರೀಷ್ಮಾಳ ಲಸಿಕೆಯ ಕಾರ್ಡಿನ ಹಿಂದೆ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ನನ್ನ ಟಿ.ಸಿ. ಇತ್ತು. ವಾರಿಜಾ ಟೀಚರ್ ಅವರ ದುಂಡು ಅಕ್ಷರ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಏಜೆಂಟನ ಗುರುತು: ಪಾಸ್‌ಪೋರ್ಟಿಗೆ, ಜನ್ಮ ದಿನಾಂಕದ ದಾಖಲೆ. ಬಸ್ಸಿನಲ್ಲಿ ಕಳೆದುಹೋದ ಕಾಗದದಿಂದಲೇ ನನ್ನನ್ನು ಇಲ್ಲಿಗೆ ತಂದಿದ್ದರು.

ನಾನು ನೆಲದ ಮೇಲೆ ಕುಳಿತು ಓದಿದೆ. ವಿದ್ಯಾರ್ಥಿನಿಯ ನಡತೆ: ಅತ್ಯುತ್ತಮ. ಶಾಲೆ ಬಿಟ್ಟ ಕಾರಣ: ಮುಂದಿನ ವಿದ್ಯಾಭ್ಯಾಸಕ್ಕಾಗಿ.

ಅಳು ಬರಲಿಲ್ಲ. ಎದ್ದು ಕೈ ತೊಳೆದುಕೊಂಡೆ. ಆಮೇಲೆ ಪಟ್ಟಿಯ ಪ್ರಕಾರ ಎಲ್ಲವನ್ನೂ ಜೋಡಿಸಿದೆ. ಐದನೆಯದು ಟಿ.ಸಿ. ಅಲ್ಲಿ ಗ್ರೀಷ್ಮಾಳದ್ದನ್ನು ತೆಗೆದು ಬೇರೆ ಕವರಿಗೆ ಹಾಕಿ, ನನ್ನದನ್ನು ಇಟ್ಟೆ.

ಗುರುವಾರ ಬೆಳಿಗ್ಗೆ ತಾಯಿ ಮಗಳಿಬ್ಬರನ್ನೂ ಚಿಕ್ಕಪ್ಪ ಕಾರಿನಲ್ಲಿ ಕರೆದುಕೊಂಡು ಹೋದರು. ನಾನು ಕೆಳಗಿಳಿದು ಮೊಯ್ದಿನಣ್ಣನನ್ನು ಹುಡುಕಿದೆ. ಅವರು ಉಳ್ಳಾಲದವರು, ನಮ್ಮ ಬಿಲ್ಡಿಂಗಿನ ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನಿನವರು. ಮೂರು ವರ್ಷದಲ್ಲಿ ಅವರೊಂದಿಗೆ ನಾನು ಹತ್ತು ಮಾತೂ ಆಡಿರಲಿಲ್ಲ. ಅವತ್ತು ಎಲ್ಲವನ್ನೂ ಹೇಳಿದೆ. ಅವರು ಸ್ಟಿಯರಿಂಗ್ ಒರೆಸುತ್ತಾ ಕೇಳಿಸಿಕೊಂಡರು.

"ಈಗ ಎಂತ ಆಗ್ಬೇಕು ತಂಗಿ?"

"ಈ ಕವರ್ ಹಿಡ್ಕೊಂಡು ಆ ಶಾಲೆಯ ಗೇಟಿನ ಹತ್ರ ನಿಲ್ಲಿ. ನಾನು ಫೋನ್ ಮಾಡಿದ್ರೆ ಒಳಗೆ ಕೊಡಿ."

"ಮಾಡದಿದ್ರೆ?"

ನಾನು ಕವರನ್ನು ಅವರ ಕೈಗಿಟ್ಟೆ. ಅವರು ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. "ನೀನು ಹೇಳುವ ತನಕ ನಾನು ಅಲ್ಲಾಡುದಿಲ್ಲ," ಎಂದರು.

ಹನ್ನೆರಡೂ ಐದಕ್ಕೆ ಚಿಕ್ಕಮ್ಮನ ಫೋನ್ ಬಂತು.

"ಲೀಲಾ, ಎಂತ ಮಾಡಿಟ್ಟಿದ್ದಿ ನೀನು? ಗ್ರೀಷ್ಮಂದು ಟಿ.ಸಿ. ಇಲ್ಲ ಇದ್ರಲ್ಲಿ!"

"ಉಂಟಲ್ಲ ಚಿಕ್ಕಮ್ಮ. ಐದನೆಯದ್ದು."

"ಐದನೆಯದ್ದು ನಿಂದು!"

"ಹೌದಾ? ಅದು ಬಸ್ಸಲ್ಲಿ ಕಳೆದುಹೋಗಿತ್ತಲ್ಲ?"

ಕಾಗದ ತಡಕಾಡಲು ಚಿಕ್ಕಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲೆ ಇಟ್ಟಿದ್ದರೆಂದು ಕಾಣುತ್ತದೆ. ಹಿಂದೆ ಸಾಲಿನಲ್ಲಿ ನಿಂತ ಹೆಂಗಸರ ಮಾತು, ಸೀಲ್ ಹೊಡೆಯುವ ಸದ್ದು ಎಲ್ಲ ನನಗೆ ಕೇಳುತ್ತಿತ್ತು.

"ಸಾಲೆಲ್ಲ ಓದಿ ಚಿಕ್ಕಮ್ಮ," ಎಂದೆ. "ಶಾಲೆ ಬಿಟ್ಟ ಕಾರಣ ಅಂತ ಉಂಟಲ್ಲ, ಅದನ್ನು ಗಟ್ಟಿ ಓದಿ."

"ತಲೆ ಕೆಟ್ಟಿದೆಯಾ ನಿಂಗೆ? ಇಲ್ಲಿ ಜನ ಉಂಟು."

"ಜನ ಇರುವಾಗ್ಲೇ ಓದಿ."

ಆಗ ಇನ್ನೊಂದು ದನಿ ಕೇಳಿತು. ಕೌಂಟರಿನ ಹುಡುಗಿ, ಹೆಸರು ಫಸೀಲಾ ಎಂದು ಗ್ರೀಷ್ಮಾ ಆಮೇಲೆ ಹೇಳಿದಳು. "ನಾನು ಓದ್ಲಾ ಮೇಡಂ? ನಂದು ಮಂಜೇಶ್ವರ, ಕನ್ನಡ ಮೀಡಿಯಂ." ತರಗತಿಯಲ್ಲಿ ನಿಂತು ಪಾಠ ಓದುವವಳ ಹಾಗೆ ಅವಳು ಓದಿದಳು. "ಲೀಲಾಕ್ಷಿ. ಒಂಬತ್ತನೇ ತರಗತಿ. ನಡತೆ ಅತ್ಯುತ್ತಮ. ಶಾಲೆ ಬಿಟ್ಟ ಕಾರಣ, ಮುಂದಿನ ವಿದ್ಯಾಭ್ಯಾಸಕ್ಕಾಗಿ. ಇದು ದೊಡ್ಡ ಮಗಳಾ ಮೇಡಂ? ಈಗ ಎಲ್ಲಿ ಓದುದು?"

ಉತ್ತರಿಸಿದ್ದು ಗ್ರೀಷ್ಮಾ, ತನ್ನ ತೊದಲು ಕನ್ನಡದಲ್ಲಿ: "ಅದು ನಮ್ಮ ಲೀಲಕ್ಕ. ಅವಳು ಓದುದಿಲ್ಲ. ನಮ್ಮನೇಲಿ ಕೆಲಸ."

ಹಿಂದಿನ ಹೆಂಗಸರ ಮಾತು ನಿಂತಿತು. ಅವರಲ್ಲಿ ಕನಿಷ್ಠ ಇಬ್ಬರು ವಾಟ್ಸ್ಯಾಪ್ ಗುಂಪಿನವರು, ದನಿಯಿಂದಲೇ ಗುರುತು ಸಿಕ್ಕಿತ್ತು. ನಾನು ಅವರಿಗೆ ಬಂಗುಡೆ ಪುಳಿಮುಂಚಿ ಬಡಿಸಿದ್ದೇನೆ.

ಚಿಕ್ಕಮ್ಮ ಸ್ಪೀಕರ್ ಆರಿಸಿ ಹೊರಗೆ ಬಂದಿರಬೇಕು. ದನಿ ಬದಲಾಯಿತು. "ಲೀಲಾ, ಮಗ, ನನ್ನ ಚಿನ್ನ ಅಲ್ವಾ. ಎಲ್ಲಿಟ್ಟಿದ್ದಿ ಅದನ್ನು? ಒಂದು ಗಂಟೆಗೆ ಕ್ಲೋಸ್ ಮಾಡ್ತಾರೆ. ಆ ಹಳೇ ಶಾಲೆಯಲ್ಲೂ ಈಗ ಸೀಟಿಲ್ಲ. ಮಗು ಎರಡೂ ಕಡೆ ಇಲ್ಲದ ಹಾಗೆ ಆಗ್ತದೆ."

"ಹೌದು ಚಿಕ್ಕಮ್ಮ. ಎರಡೂ ಕಡೆ ಇಲ್ಲದ್ದು ಹೇಗಿರ್ತದೆ ಅಂತ ನಂಗೆ ಗೊತ್ತುಂಟು. ನನ್ನ ಪಾಸ್‌ಪೋರ್ಟ್ ಎಲ್ಲಿದೆ?"

"ಅದೆಂತಕ್ಕೆ ಈಗ?"

"ಲಾಕರಿನ ನಂಬರ್ ಹೇಳಿ."

ಹೇಳಿದರು. ಗ್ರೀಷ್ಮಾಳ ಹುಟ್ಟಿದ ದಿನ. ನಾನು ಅವರ ಕೋಣೆಗೆ ಹೋಗಿ, ಬೀರು ತೆರೆದು, ಲಾಕರಿನ ನಂಬರ್ ಒತ್ತಿ, ನನ್ನ ಪಾಸ್‌ಪೋರ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

"ಟಿಕೆಟ್ ಮಾಡಿಸಿ. ನಾನು ಹೋಗಿ ಹತ್ತನೇ ತರಗತಿ ಪರೀಕ್ಷೆ ಕಟ್ಟುದು. ಇನ್ನೊಂದುಂಟು. ಈಗಲೇ ಅಮ್ಮನಿಗೆ ಫೋನ್ ಮಾಡಿ ನೀವು ಮಾಡಿದ್ದನ್ನು ನೀವೇ ಹೇಳಿ. ಅಮ್ಮ ನಂಗೆ ಫೋನ್ ಮಾಡಿದ ಮೇಲೆ ಕಾಗದದ ಮಾತು."

"ಅಕ್ಕನಿಗಾ? ಬೇಡ ಲೀಲಾ. ನಿನ್ನ ಕಾಲಿಗೆ ಬೀಳ್ತೇನೆ."

"ಹನ್ನೆರಡೂ ಇಪ್ಪತ್ತಾಯ್ತು," ಎಂದು ಫೋನ್ ಇಟ್ಟೆ.

ಸೋಫಾದ ಮೇಲೆ ಕುಳಿತೆ. ಮೂರು ವರ್ಷದಲ್ಲಿ ಮೊದಲ ಸಲ. ನೆಲದ ಮೇಲಿನಿಂದ ಕಾಣುತ್ತಿದ್ದ ಕೋಣೆಯೇ ಬೇರೆ, ಅಲ್ಲಿಂದ ಕಾಣುವುದೇ ಬೇರೆ. ಹನ್ನೆರಡೂ ಮೂವತ್ತೆಂಟಕ್ಕೆ ಅಮ್ಮನ ಕರೆ ಬಂತು.

"ಅಮಿತಾ ಹೇಳಿದ್ಲು," ಎಂದಳು ಅಮ್ಮ. "ನೀನೇ ಶಾಲೆ ಬೇಡ ಅಂತ ಹಟ ಮಾಡಿದ್ದು ಅಂತಲ್ವಾ ಅವತ್ತು ನನ್ನತ್ರ ಹೇಳಿದ್ದು ಅವಳು. ನಾನು ನಿಂಗೆ ಎಷ್ಟು ಬೈದಿದ್ದೇನೆ ಮಗ. ಆರು ವರ್ಷ ಬೈದಿದ್ದೇನೆ."

ಇದು ನನಗೂ ಹೊಸದು. ಫೋನಿನಲ್ಲಿ ಅಮ್ಮ ಯಾವಾಗಲೂ ಗಡುಸಾಗಿ ಮಾತಾಡುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಮಗಳಿಗೆ ಒಂದು ಸುಳ್ಳು, ತಾಯಿಗೆ ಇನ್ನೊಂದು. ಇಬ್ಬರೂ ಒಬ್ಬರನ್ನೊಬ್ಬರು ಕೇಳದಂತೆ ನಡುವೆ ಒಂದು ಗೋಡೆ.

"ಬರ್ತೇನಮ್ಮ," ಎಂದೆ.

ಕೇಳಿದ್ದೆಲ್ಲ ಸಿಕ್ಕಿತ್ತು. ಇನ್ನು ಮೊಯ್ದಿನಣ್ಣನಿಗೆ ಫೋನ್ ಮಾಡಬೇಕು. ಹೆಸರು ತೆರೆದು ಹೆಬ್ಬೆರಳು ಮೇಲೆ ಇಟ್ಟೆ. ಒತ್ತಲಿಲ್ಲ. ಹನ್ನೆರಡೂ ನಲವತ್ತು. ನಲವತ್ತೆರಡು. ಚಿಕ್ಕಮ್ಮನ ಕರೆಗಳು ಬಂದು ಬಂದು ನಿಲ್ಲುತ್ತಿದ್ದವು. ಇನ್ನು ಹದಿನೆಂಟು ನಿಮಿಷ ಸುಮ್ಮನೆ ಕುಳಿತರೆ ಸಾಕು, ಗ್ರೀಷ್ಮಾಳೂ ನನ್ನ ಹಾಗೆ ಆಗುತ್ತಾಳೆ. ಹಾಗೇ ಆಗಲಿ ಎಂದು ನಾನು ಬಯಸಿದೆ. ಸುಳ್ಳು ಹೇಳುವುದಿಲ್ಲ. "ನಮ್ಮನೇಲಿ ಕೆಲಸ" ಎಂದಿದ್ದಳಲ್ಲ.

ಆಮೇಲೆ ಮುಂದಿನದನ್ನು ನೋಡಿದೆ. ಸೀಟು ತಪ್ಪಿದರೆ ಚಿಕ್ಕಮ್ಮ ಅಳುತ್ತಾರೆ. ಗುಂಪಿನವರೆಲ್ಲ ಸಮಾಧಾನ ಹೇಳಲು ಬರುತ್ತಾರೆ. ಸಾಕಿದ ಹುಡುಗಿ ಬೆನ್ನಿಗೆ ಇರಿದಳು ಎಂಬ ಕಥೆ ಹುಟ್ಟುತ್ತದೆ. ಮಂಜೇಶ್ವರದ ಹುಡುಗಿ ಓದಿದ ಆ ಒಂದು ಸಾಲನ್ನು ಎಲ್ಲರೂ ಮರೆತುಬಿಡುತ್ತಾರೆ. ಸೀಟು ಸಿಕ್ಕಿದರೆ ಹಾಗಲ್ಲ. ಗ್ರೀಷ್ಮಾ ಆ ಶಾಲೆಯ ಬಟ್ಟೆ ಹಾಕಿ ಹೊರಡುವ ಪ್ರತಿ ಬೆಳಿಗ್ಗೆ, ಅದು ಯಾರ ಕೈಯಿಂದ ಬಂದದ್ದು ಎಂದು ಚಿಕ್ಕಮ್ಮನಿಗೆ ನೆನಪಾಗಬೇಕು. ಏಳನೇ ತರಗತಿಯಿಂದ ಕೊನೆಯ ತನಕ, ರಜೆ ಬಿಟ್ಟು ಪ್ರತಿ ದಿನ.

ಹನ್ನೆರಡೂ ನಲವತ್ತೇಳಕ್ಕೆ ಒತ್ತಿದೆ.

"ಕೊಡಿ ಮೊಯ್ದಿನಣ್ಣ."

"ಅಲ್ಹಮ್ದುಲಿಲ್ಲಾ," ಎಂದರು ಅವರು. ವ್ಯಾನಿನ ಬಾಗಿಲು ಬಡಿದ ಸದ್ದು ಕೇಳಿತು.

ಕವರ್ ಇಡೀ ಬೆಳಿಗ್ಗೆ ಐವತ್ತು ಹೆಜ್ಜೆ ಆಚೆಗೇ ಇತ್ತು ಎಂದು ತಿಳಿದಾಗ ಚಿಕ್ಕಮ್ಮನ ಮುಖ ಹೇಗಾಯಿತೆಂದು ಗ್ರೀಷ್ಮಾ ಸಂಜೆ ನನಗೆ ನಟಿಸಿ ತೋರಿಸಿದಳು. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು. ಆಮೇಲೆ ನನ್ನ ಪಕ್ಕ ಬಂದು ಕುಳಿತಳು.

"ನನ್ನ ಟಿ.ಸಿ. ನೀನು ಕದ್ದದ್ದಾ ಲೀಲಕ್ಕ?"

"ಹೌದು."

"ವೈ?"

"ನಿನ್ನ ಅಮ್ಮನತ್ರ ಕೇಳು. ಅವರು ಹೇಳುವ ತನಕ ಕೇಳು."

ಚಿಕ್ಕಪ್ಪ ನನ್ನ ಮುಖ ನೋಡದೆ ಟಿಕೆಟ್ ತಂದುಕೊಟ್ಟರು. ಹೊರಡುವ ಮುಂಚಿನ ದಿನ ಹೊಸ ಶಾಲೆಯ ಸ್ಕರ್ಟಿನ ಅಂಚು ಮಡಚಿ ಹೊಲಿಯಲು ಚಿಕ್ಕಮ್ಮನಿಗೆ ಬರಲಿಲ್ಲ, ನಾನೇ ಹೊಲಿದುಕೊಟ್ಟೆ. ಗಟ್ಟಿಯಾಗಿ, ಎರಡು ಸುತ್ತು.

ಬಾಗಿಲ ಬಳಿ ಅವರು ನನ್ನ ಟಿ.ಸಿ.ಯನ್ನು ಕವರಿನಲ್ಲಿ ಹಾಕಿ ಕೊಟ್ಟರು. ತೆಗೆದು ನೋಡಿದೆ. ಬಂದ ಕಾಗದಕ್ಕೆಲ್ಲ ಮೊದಲು ಬೆನ್ನಿಗೆ ಸೀಲ್ ಹೊಡೆದು ಆಮೇಲೆ ಓದುವುದು ಆ ಕೌಂಟರಿನ ಕ್ರಮವಿರಬೇಕು. ನನ್ನ ಟಿ.ಸಿ.ಯ ಹಿಂದೆ ನೇರಳೆ ಬಣ್ಣದ ದುಂಡು ಸೀಲು, ಹುಡುಗಿಯರ ಗ್ರಾಮರ್ ಸ್ಕೂಲ್, ಸ್ವೀಕರಿಸಲಾಗಿದೆ, ಗುರುವಾರದ ತಾರೀಕು.

"ಆ ಸೀಲ್ ಅಳಿಸ್ಲಿಕ್ಕೆ ಆಗ್ತದಾ ನೋಡು," ಎಂದರು ಚಿಕ್ಕಮ್ಮ ಮೆಲ್ಲಗೆ. "ಊರಲ್ಲಿ ಶಾಲೆಯವರು ಕೇಳ್ತಾರೆ, ಇದೆಂತದ್ದು ಅಂತ."

"ಕೇಳ್ಲಿ," ಎಂದೆ. "ಹೇಳ್ತೇನೆ."