ಒಂದೇ ಸ್ವರ ಬಲ್ಲ ಪೆಟ್ಟಿಗೆ

ಬೆಟ್ಟಗಳಿಗೆ ಇನ್ನೂ ಕಿವಿಯಿದ್ದ ಕಾಲದಲ್ಲಿ ಒಂದು ಸೋರೆಬುರುಡೆ ಇತ್ತಂತೆ. ಅದು ಡೋಲಿನವನ ಮಂಚದಡಿ ಅಡಗಿ, ಅವನು ಕಟ್ಟಿದ ತಾಳವನ್ನೆಲ್ಲ ಕುಡಿದು, ಬೆಳಗಾಗುವಷ್ಟರಲ್ಲಿ ಪಕ್ಕದೂರಿನ ಅಂಗಳದಲ್ಲಿ ಕಕ್ಕುತ್ತಿತ್ತಂತೆ. ಬೆಲ್ಮಾಂಟ್ ಎಂಬ ನಮ್ಮೂರಿನ ಓಣಿಯ ಮಕ್ಕಳೆಲ್ಲ ನನ್ನ ಅಜ್ಜಿಯ ಬಾಯಲ್ಲಿ ಈ ಕಥೆ ಕೇಳಿ ಬೆಳೆದವರು. ಅದೇ ಕಥೆ ನನ್ನ ಕಾಲಿಗೆ ತೊಡರುತ್ತದೆಂದು ಎಣಿಸಿರಲಿಲ್ಲ.

ನಮ್ಮ ವಾದ್ಯತಂಡದ ಮುಂದಿನ ಬಂಡಿ ತಳ್ಳುತ್ತಿದ್ದವಳು ಅಜ್ಜಿ. ಉಕ್ಕಿನ ಪೀಪಾಯಿಯಿಂದ ಮಾಡಿದ ದಪ್ಪ ದನಿಯ ಪ್ಯಾನು ವಾದ್ಯಗಳನ್ನು ಹೊತ್ತ ಬಂಡಿ ಅದು. ಕಳೆದ ಕಾರ್ನಿವಲ್ ಹಬ್ಬದಲ್ಲಿ ವಾದ್ಯತಂಡಗಳ ಸ್ಪರ್ಧೆಗೆ ಹೊರಟಾಗ, ಮುಸ್ಸಂಜೆಯಲ್ಲಿ, ಚರಂಡಿಯ ತಿರುವಿನಲ್ಲಿ, ಬ್ಯಾಟರಿ ದೀಪ ಕೈಕೊಟ್ಟು ಚಕ್ರ ಅವಳ ಪಾದದ ಮೇಲೆಯೇ ಹತ್ತಿತು. ಅಂದಿನಿಂದ ಅವಳು ಬಂಡಿಗೆ ಕೈಹಚ್ಚಿಲ್ಲ. ಈ ಸಲ ಆ ತಿರುವಿನಲ್ಲಿ ಆರದ ಬೆಳಕು ತೋರಿಸುತ್ತೇನೆ, ಆಮೇಲೆ ನೀನೇ ತಳ್ಳಬೇಕು ಎಂದು ಮಾತು ಕೊಟ್ಟಿದ್ದೆ.

ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಾಗಿ ಹಾಸುವ ಕಾಲೇಜಿನ ತ್ರೀಡಿ ಪ್ರಿಂಟರಿನಲ್ಲಿ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಮಾಡಿದೆ. ಒಳಗೊಂದು ತೆಳ್ಳನೆಯ ನಾಲಿಗೆ, ಅದರ ತುದಿಗೆ ಅಯಸ್ಕಾಂತ, ಪಕ್ಕದಲ್ಲಿ ತಂತಿಸುರುಳಿ. ಬಂಡಿ ಕುಲುಕಿದರೆ ನಾಲಿಗೆ ನಡುಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟಬೇಕು, ಬ್ಯಾಟರಿಯಿಲ್ಲದೆ ದೀಪ ಹತ್ತಬೇಕು. ನೆಟ್ಟಗೆ ನಿಲ್ಲಿಸಿ ಮುದ್ರಿಸಿದ ನಾಲಿಗೆಗಳು ಪದರ ಬಿಟ್ಟು ಲಟಕ್ಕನೆ ಮುರಿದವು. ಮಲಗಿಸಿ ಮುದ್ರಿಸಿದ್ದು ಉಳಿಯಿತು.

ಪೆಟ್ಟಿಗೆಯನ್ನು ಬಂಡಿಗೆ ಕಟ್ಟಿದ ಸಂಜೆಯೇ ಎಲ್ರಿಕ್ ಅಂಕಲ್ ಕಣ್ಣಿಗೆ ಬಿತ್ತು. ಅವರು ಪ್ಯಾನುಗಳನ್ನು ಸುತ್ತಿಗೆಯಿಂದ ಬಡಿದು ಶ್ರುತಿಗೂಡಿಸುವ ತಂಡದ ಶ್ರುತಿಗಾರ. ಸುತ್ತಿಗೆ ಹಿಡಿದರೆ ನಮಗೂ ಬೆನ್ನು ತಿರುಗಿಸಿ ಕೂರುವವರು. ಹಾಡು ಕದ್ದೊಯ್ದಾರೆಂದು ಸ್ಪರ್ಧೆ ಮುಗಿಯುವವರೆಗೆ ತಾಲೀಮಿನ ಅಂಗಳದೊಳಗೆ ಫೋನು ತರುವಂತಿಲ್ಲ, ಬೇಲಿಯಾಚೆ ಯಾರಾದರೂ ನಿಂತರೂ ಅವರು ಬಾರಿಸುವುದನ್ನು ನಿಲ್ಲಿಸಿಬಿಡುತ್ತಿದ್ದರು. ಅಂದು ಯಾರೋ ದಪ್ಪ ದನಿಯ ಪ್ಯಾನು ಬಾರಿಸಿದರು. ನಿಂತ ಬಂಡಿಯ ದೀಪ ಮಿಣುಕಿತು. ಅಂಕಲ್ ಕೈಯೆತ್ತಿದರು. ಬಾರಿಸುವುದು ನಿಂತಿತು.

"ಇದಕ್ಕೆ ಕಿವಿ ಇದೆ" ಎಂದರು. ಮುಚ್ಚಳ ಎಬ್ಬಿಸಿ ನೋಡಿದರು. "ಅಯಸ್ಕಾಂತ, ತಂತಿ. ಮೈಕಿನ ಹೊಟ್ಟೇಲೂ ಇದೇ ತಾನೇ ಇರೋದು, ಡೆಲ್ಸಿ?"

ಹೌದು ಎಂದೆ, ಅವರು ಹೇಳಿದ್ದು ನಿಜವೇ. ಸುರುಳಿ ಸುತ್ತಿಕೊಟ್ಟವರು ಯಾರೆಂದು ಕೇಳಿದರು. ಕಾಲೇಜಿನ ರೋಹನ್ ಎಂದೆ. ರೋಹನನ ಮನೆ ಕೆಳದಂಡೆಯಲ್ಲಿ, ನಮ್ಮ ಎದುರಾಳಿ ತಂಡದ ಅಂಗಳದ ಪಕ್ಕದಲ್ಲಿ. ಯಾರೂ ನನ್ನ ಮುಖ ನೋಡಲಿಲ್ಲ. ಕೇಳದೆಯೇ ನೆರವಿಗೆ ಬಂದವನು ಅವನು ಎಂಬುದು ನೆನಪಾಗಿ ನನಗೂ ಅನುಮಾನ ಬಂತು. ಅಲ್ಲೇ ಕೂತು ಸುರುಳಿ ಬಿಚ್ಚಿದೆ. ಒಳಗೆ ಬೇರೇನೂ ಅಡಗಿರಲಿಲ್ಲ, ಬರೀ ತಂತಿ. ಮತ್ತೆ ಸುತ್ತಿದೆ. ಅಂಕಲ್ ಹುಬ್ಬು ಇಳಿಯಲಿಲ್ಲ.

ನಮ್ಮ ಹಾಡನ್ನು ಇದರ ಮುಂದೆ ಬಾರಿಸಿ ನೋಡಿ ಎಂದೆ. ಅದು ಕಾಯ್ತಿರೋದೇ ಅದನ್ನ ಎಂದರು.

ಬೆಂಚಿನಲ್ಲಿ ಕಾಲು ಚಾಚಿದ್ದ ಅಜ್ಜಿ ಬಾಯಿ ಹಾಕಿದಳು. "ಕೆಳದಂಡೆಯೋರ ಹೋದ ವರ್ಷದ ಹಾಡು ಬಾರ್ಸೋ ಎಲ್ರಿಕ್. ಕದ್ರೆ ಅವ್ರದ್ದನ್ನೇ ಕದ್ಕೊಂಡು ಹೋಗ್ಲಿ."

ಅಂಗಳ ನಕ್ಕಿತು. ಅಂಕಲ್ ನಗದೆ ಬಾರಿಸಿದರು. ದೀಪ ಕತ್ತಲೆ, ಕತ್ತಲೆ. ಒಂದು ತಗ್ಗು ಸ್ವರಕ್ಕೆ ಮಾತ್ರ ಮಿಣುಕಿ ಮತ್ತೆ ಕತ್ತಲೆ. ಇನ್ನೊಮ್ಮೆ ಬಾರಿಸಿದರು. ಅದೇ ಸ್ವರ. ನಾನು ಮುದ್ರಿಸಿದ ದಪ್ಪದ ನಾಲಿಗೆ ಆ ಒಂದು ಸ್ವರಕ್ಕೇ ಓಗೊಡುತ್ತದೆ, ಉಳಿದವಕ್ಕೆಲ್ಲ ಕಿವುಡು ಎಂದೆ.

"ನನ್ನ ಕಥೆಯ ಸೋರೆಬುರುಡೆ ಪೂರ್ತಿ ತಾಳ ಕುಡೀತಿತ್ತು" ಎಂದಳು ಅಜ್ಜಿ. "ಇದು ಒಂದು ಗುಟುಕಿಗೇ ಬಾಯಿ ಮುಚ್ಚತ್ತಲ್ಲೋ."

ಅಂಕಲ್ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ದರು. ಸ್ಪರ್ಧೆಯ ದಿನದವರೆಗೂ ಕೊಡಲಿಲ್ಲ. ಹೊರಡುವ ಹೊತ್ತಿಗೆ ತಾವೇ ತಂದು, ತಾವೇ ಕಟ್ಟಿ, ಅದರ ಮೇಲೊಂದು ಅಂಗೈ ಒತ್ತಿ ಹಿಡಿದು ಬಂಡಿಯ ಪಕ್ಕದಲ್ಲೇ ನಡೆದರು. ಅಜ್ಜಿ ತಳ್ಳುತ್ತಿದ್ದ ಜಾಗ ಖಾಲಿಯಿತ್ತು. ಅಜ್ಜಿ ಕೈಕಟ್ಟಿಕೊಂಡು ಹಿಂದೆ ಕುಂಟುತ್ತಿದ್ದಳು, ನಾನು ಎರಡಾಳಿನ ಭಾರ ತಳ್ಳುತ್ತಿದ್ದೆ. ಅವರ ಅಂಗೈ ಅದುಮಿದ್ದಕ್ಕೋ ಏನೋ, ದೀಪಕ್ಕೆ ಜೀವವೇ ಇರಲಿಲ್ಲ.

ತಿರುವು ಬಂತು. ಸಂಜೆಯ ಬೆಳಕು ಕಂದಿತ್ತು.

"ಕೈ ತೆಗೀರಿ ಅಂಕಲ್" ಎಂದೆ.

ಅವರು ಹಿಂದೆ ಮುಂದೆ ನೋಡಿ, ಬೇಲಿಗಳನ್ನೆಲ್ಲ ನೋಡಿ, ಕೈ ತೆಗೆದರು. ಚಕ್ರ ಕಲ್ಲಿಗೆ ಬಡಿಯಿತು. ದೀಪ ಹತ್ತಿತು, ಚರಂಡಿಯ ಅಂಚು ಬೆಳ್ಳಗೆ ಕಂಡಿತು. ಅಜ್ಜಿ ನನ್ನ ಪಕ್ಕಕ್ಕೆ ಬಂದು ಬಂಡಿಗೆ ಕೈಹಚ್ಚಿದಳು.