ಮುತ್ಲಕ್ ಮನೆಯ ಕಾಫಿ

ನಂಜುಂಡಸ್ವಾಮಿಯ ಫೋನು ಬಂದಾಗ ಮೇಬಲ್ ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಯಲ್ಲಿ ಕೆಸುವಿನ ಗೆಡ್ಡೆ ಆರಿಸುತ್ತಿದ್ದಳು. ಆ ಹೆಸರು ಕಂಡದ್ದೇ ತಡ, ಮೈಯೆಲ್ಲ ಉರಿದುಹೋಯಿತು.

"ಆಂಟಿ, ಹಳೇದೆಲ್ಲ ಮರ್ತ್‌ಬಿಡಿ. ಶನಿವಾರ ಮಧ್ಯಾಹ್ನ ಪರ್ತ್‌ನಿಂದ ಬರ್ತಿದೀನಿ. ಆ ಹುಡುಗಿ ಹೆಸ್ಸಾ ಅಪ್ಪನ್ ಹತ್ರ ಮಾತಾಡ್ಬೇಕು. ನಿಮ್ಗೆ ಅರೇಬಿಕ್ ಬರತ್ತಲ್ಲ, ಜೊತೇಲಿ ಬಂದ್‌ಬಿಡಿ."

ಆಂಟಿಯಂತೆ ಆಂಟಿ! ಅವಳಿಗಿಂತ ಅವನೇ ದೊಡ್ಡವನು. ಆದರೂ ಮೇಬಲ್ ಜೇನಿನಂಥ ದನಿಯಲ್ಲಿ, "ಬರ್ತೀನಿ ಸ್ವಾಮಿ, ಅದಕ್ಕೇನಂತೆ" ಎಂದಳು.

ಅವನು ಮರೆತುಬಿಡಿ ಎಂದ ಹಳೆಯ ಸಂಗತಿ ಇಷ್ಟು. ಮೇಬಲ್ ಕುವೈತಿನಲ್ಲಿ ಬಹುಕಾಲ ಫಿಸಿಕ್ಸ್ ಮೇಡಂ ಆಗಿದ್ದವಳು. ಗಂಡ ವಿಲಿಯಂ, ಮಗ ಡಿಲನ್ ಜೊತೆ ಬ್ರಿಸ್ಬೇನಿಗೆ ಬಂದು ಕ್ಯಾಲಮ್‌ವೇಲಿನಲ್ಲಿ ನೆಲೆಸಿದಾಗ, ಕುವೈತಿನಿಂದಲೇ ನಿರಾಶ್ರಿತರಾಗಿ ಬಂದ, ಮರುಭೂಮಿಯ ಅಲೆಮಾರಿ ಮೂಲದ ಬೆದೂಯಿನ್ ಕುಟುಂಬಗಳ ಪರಿಚಯವಾಯಿತು. ಮಕ್ಕಳು ಚುರುಕೆಂದರೆ ಚುರುಕು, ಆದರೆ ಯೂನಿವರ್ಸಿಟಿಯ ವಿಜ್ಞಾನವೆಂದರೆ ಅಂಜುತ್ತಿದ್ದರು. ಮೇಬಲ್ ಒಂದು ಹಾಲ್ ಹಿಡಿದು ಶನಿವಾರದ ಪಾಠ ಶುರುಮಾಡಿದಳು. ಉಪ್ಪು ಬಾವಿಯ ನೀರಿನಿಂದ ಸಾಂದ್ರತೆ ಹೇಳಿಕೊಟ್ಟಳು. ಅಜ್ಜಂದಿರು ನೋಡಿಕೊಂಡು ಒಂಟೆ ನಡೆಸುತ್ತಿದ್ದ ನಕ್ಷತ್ರಗಳಿಂದ ಕೋನ ಅಳೆಯಿಸಿದಳು. ಮನೆಮನೆಗೆ ಹೋಗಿ ತಾಯಂದಿರ ಜೊತೆ ನೆಲದ ಮೇಲೆ ಕೂತು, ಹೆಣ್ಣುಮಕ್ಕಳನ್ನು ಓದಿಸಿ ಎಂದು ಗೋಗರೆದಳು.

ಆಗ ಸಲಹೆಗಾರನಾಗಿ ವಕ್ಕರಿಸಿದವನು ಮೈಸೂರಿನ ಇಂಜಿನಿಯರ್ ನಂಜುಂಡಸ್ವಾಮಿ. ಅವಳ ಪಾಠವನ್ನೆಲ್ಲ ಎತ್ತಿಕೊಂಡು ಹೋಗಿ, ಅದಕ್ಕೊಂದು ಭಾರಿ ಹೆಸರಿಟ್ಟು, ಪರ್ತ್‌ನಲ್ಲಿ ಸಂಸ್ಥೆ ತೆರೆದ. ಬ್ರಿಸ್ಬೇನ್ ಶಾಖೆಯ ಉದ್ಘಾಟನೆಗೆ ಅವಳನ್ನೂ ಕರೆದು, ಮೈಕಿನಲ್ಲಿ ಪರಿಚಯಿಸಿದ: "ಇವರು ನಮ್ಮ ಮೇಬಲ್ ಆಂಟಿ, ಮಕ್ಕಳಿಗೆ ಸಮೋಸ ಮಾಡ್ಕೊಡ್ತಾರೆ." ಜನ ಚಪ್ಪಾಳೆ ತಟ್ಟಿದರು. ಏನು ಮಾಡುತ್ತಿದ್ದೇನೆಂದು ತಿಳಿಯದೆ ಮೇಬಲ್ ಕೂಡ ತಟ್ಟಿದಳು. ಅದೇ ಅವಳನ್ನು ಇಂದಿಗೂ ಸುಡುತ್ತಿತ್ತು.

ಮನೆಮನೆ ಸುತ್ತುವುದು ಟೈಂವೇಸ್ಟ್ ಎಂದು ಅವನು ಅದನ್ನು ಕೈಬಿಟ್ಟ. ಕುಟುಂಬಗಳೂ ಅವನನ್ನು ಕೈಬಿಟ್ಟವು. ಈಗ, 2016ರಲ್ಲಿ, ಅವನಿಗೆ ಬೆಂಬಲ ಕೊಟ್ಟಿದ್ದ ಪರ್ತ್‌ನ ಯೂನಿವರ್ಸಿಟಿ ಕೊನೆಯ ಮಾತು ಹೇಳಿತ್ತು: ಈ ವರ್ಷ ಒಬ್ಬ ಬೆದೂಯಿನ್ ವಿದ್ಯಾರ್ಥಿಯಾದರೂ ಬರದಿದ್ದರೆ ಸಂಸ್ಥೆಗೂ ನಮಗೂ ಸಂಬಂಧವಿಲ್ಲ. ಆ ಸೀಟಿಗೆ ತಕ್ಕ ಅಂಕವಿದ್ದವಳು ಹೆಸ್ಸಾ ಒಬ್ಬಳೇ. ಮೇಬಲಳ ಊಟದ ಮೇಜಿನ ಮೇಲೆ ಕಲಿತ ಹುಡುಗಿ.

ಹೆಸ್ಸಾಳಿಗೂ ಪರ್ತೇ ಬೇಕಿತ್ತು. ರೇಡಿಯೋ ದೂರದರ್ಶಕಗಳ ಹುಚ್ಚು ಅವಳಿಗೆ. ಅಡಿಲೇಡಿನಲ್ಲಿ ಲ್ಯಾಬ್ ಕೋರ್ಸೊಂದು ಸಿಕ್ಕಿತ್ತು, ಅಲ್ಲೇ ಮಾಡ್ಬರಿಯಲ್ಲಿ ಚಿಕ್ಕಪ್ಪನ ಮನೆಯೂ ಇತ್ತು. ಪರ್ತ್‌ನಲ್ಲಿ ತಮ್ಮವರೆಂಬವರು ಯಾರೂ ಇಲ್ಲವೆಂದು ಅಪ್ಪ ಅಲ್ಲಿಗೆ ಒಪ್ಪುತ್ತಿರಲಿಲ್ಲ. "ಮಿಸ್, ಅಪ್ಪ ನಿಮ್ಮ ಮಾತು ತೆಗೆದುಹಾಕುವುದಿಲ್ಲ. ನೀವೇ ಕೇಳಿ" ಎಂದು ಅವಳು ಕೈಹಿಡಿದು ಬೇಡಿದ್ದಳು. ಮೇಬಲ್ ಆಗಲಿ ಎಂದಿದ್ದಳು.

ಶನಿವಾರ ಹೆಸ್ಸಾಳ ಅಪ್ಪ ಮುತ್ಲಕ್ ಇಬ್ಬರನ್ನೂ ದಿಂಬುಗಳ ನಡುವೆ ಕೂರಿಸಿ, ತಾನೇ ಹಿತ್ತಾಳೆಯ ಕೂಜೆಯಿಂದ ಪುಟ್ಟ ಬಟ್ಟಲಿಗೆ ಏಲಕ್ಕಿ ಘಮದ ಕಾಫಿ ಬಗ್ಗಿಸಿದ. ಹೆಸ್ಸಾ ಒಳಬಾಗಿಲ ಹತ್ತಿರ ಕೂತಿದ್ದಳು. ಬೆದೂಯಿನ್ ಮನೆಯಲ್ಲಿ ಬೇಡಿಕೆ ಹೊತ್ತು ಬಂದವನು ಕಾಫಿ ಕುಡಿಯುವುದಿಲ್ಲ, ಬಟ್ಟಲನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಾನೆ. ಏನು ಬೇಕೆಂದು ಯಜಮಾನನೇ ಕೇಳಬೇಕು. "ಕುಡಿ" ಎಂದರೆ ಕೊಟ್ಟೆ ಎಂದರ್ಥ. ಹಾಗೆ ಕೊಟ್ಟ ಮಾತು ಮತ್ತೆ ಕದಲುವುದಿಲ್ಲ.

ನಂಜುಂಡಸ್ವಾಮಿಗೆ ಇದೆಲ್ಲಿ ಗೊತ್ತು? ಯಾರದೇ ಮನೆಗೆ ಹೋದರೂ ಕೊಟ್ಟ ಕಾಫಿ ಬೇಡವೆನ್ನಬಾರದು ಎಂದು ಕಲಿತು ಮೈಸೂರಿನಲ್ಲಿ ಬೆಳೆದವನು. ಬಟ್ಟಲನ್ನು ತುಟಿಗೆ ತಾಗಿಸದೆ ಮಡಿವಂತರ ಹಾಗೆ ಮೇಲಕ್ಕೆತ್ತಿ ಗಟಗಟ ಸುರಿದುಕೊಂಡ. ಸಾಕು ಎನ್ನಲು ಬಟ್ಟಲು ಅಲ್ಲಾಡಿಸಬೇಕೆಂಬುದೂ ತಿಳಿಯದೆ, ಮತ್ತೆ ಬಗ್ಗಿಸಿದ್ದನ್ನೂ ಕುಡಿದ. ಕನ್ನಡದಲ್ಲಿ ಒಂದೇ ಒಂದು ಮಾತು ಪಿಸುಗುಟ್ಟಿದ್ದರೆ ಸಾಕಿತ್ತು. ಮೇಬಲ್ ತುಟಿ ಬಿಚ್ಚಲಿಲ್ಲ. ಕುಡಿ ಮಗನೇ, ಹೊಟ್ಟೆ ತುಂಬ ಕುಡಿ ಎಂದುಕೊಂಡಳು.

ಆಮೇಲೆ ಅವನು ಪರ್ತ್, ಸೀಟು, ಭವಿಷ್ಯ ಎಂದು ಭಾಷಣ ಬಿಗಿದ. ಮೇಬಲ್ ಒಂದಕ್ಷರ ಬಿಡದೆ ಅರೇಬಿಕ್‌ಗೆ ತಂದಳು. ಮುತ್ಲಕ್ ನಕ್ಕ. "ಅತಿಥಿ ಕಾಫಿ ಕುಡಿದಾಯಿತಲ್ಲ, ಇನ್ನೇನು ಬೇಕಂತೆ?" ಎಂದ.

"ಏನಂತೆ?" ಎಂದು ನಂಜುಂಡಸ್ವಾಮಿ ಕೇಳಿದ.

"ಕಾಫಿ ಹಿಡಿಸ್ತಾ ಅಂತ ಕೇಳ್ತಿದ್ದಾರೆ" ಎಂದಳು ಮೇಬಲ್.

ಅವಳ ಬಟ್ಟಲು ಮಾತ್ರ ತುಂಬಿದ್ದ ಹಾಗೇ ನೆಲದ ಮೇಲಿತ್ತು. ಮುತ್ಲಕ್ ಅದನ್ನು ನೋಡಿ ಗಂಭೀರನಾದ. "ಡಿಲನ್‌ನ ಅಮ್ಮ, ನಿಮ್ಮ ಕಾಫಿ ಆರುತ್ತಿದೆ. ಹೇಳಿ, ಏನಾಗಬೇಕು?"

ಹೆಸ್ಸಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಪರ್ತ್ ಎಂಬ ಮಾತು ಮೇಬಲಳ ನಾಲಿಗೆಯ ತುದಿಗೇ ಬಂದಿತ್ತು. ಅವನಿಂದಾಗದ್ದನ್ನು ಅವನೆದುರೇ ಮಾಡಿ ತೋರಿಸಿ, ಜೀವಮಾನವಿಡೀ ಅವನನ್ನು ತನ್ನ ಹಂಗಿನಲ್ಲಿ ಇಟ್ಟುಕೊಳ್ಳಬೇಕೆಂದೇ ಅವಳು ಬಂದಿದ್ದಳು.

ಅಷ್ಟರಲ್ಲಿ ನಂಜುಂಡಸ್ವಾಮಿ ವಾಚು ನೋಡಿಕೊಂಡ. "ಆಂಟಿ, ಬೇಗ ಒಪ್ಸಿ, ಫ್ಲೈಟ್ ಇದೆ. ಪೇಪರ್‌ನೋರಿಗೆ ನಾನು, ಹುಡುಗಿ ಇಬ್ರೇ ಇರೋ ಫೋಟೋ ಬೇಕು. ನೀವೇ ತೆಗ್ದುಬಿಡಿ."

ಮೇಬಲಳ ತಲೆಗೆ ರಕ್ತ ನುಗ್ಗಿತು. ಮೈಕು, ಸಮೋಸ, ಚಪ್ಪಾಳೆ ಎಲ್ಲವೂ ಒಟ್ಟಿಗೆ ಕಿವಿಯಲ್ಲಿ ಮೊರೆದವು.

"ಹೆಸ್ಸಾಳನ್ನು ಅಡಿಲೇಡಿಗೆ ಕಳಿಸಬೇಕು" ಎಂದಳು ಮುತ್ಲಕ್‌ಗೆ.

ಅವನ ಮುಖ ಹಗುರಾಯಿತು. "ಇಷ್ಟೇನಾ? ಕುಡಿಯಿರಿ."

ಮೇಬಲ್ ಬಟ್ಟಲೆತ್ತಿ ಕುಡಿದಳು. ಆಮೇಲೆ ನಂಜುಂಡಸ್ವಾಮಿಯ ಕಡೆ ನಿಧಾನವಾಗಿ ತಿರುಗಿದಳು. "ಅಡಿಲೇಡ್‌ಗೆ ಹೋಗ್ತಾಳೆ ಸ್ವಾಮಿ. ಮಾತು ಮುಗೀತು. ನಿಮ್ಮ ಅಂಗಡಿ ಮುಚ್ಕೊಳ್ಳಿ."

ಅವನ ಮುಖ ಬಿಳಿಚಿಕೊಂಡಿತು. ಎದುರಿಗೆ ಯಾರಿದ್ದಾರೆಂಬುದನ್ನೂ ಮರೆತು, "ಇನ್ನೊಂದ್ಸಲ ಕೇಳಿ ಆಂಟಿ, ಪ್ಲೀಸ್, ನಾನು ಮುಳುಗೋಗ್ತೀನಿ" ಎಂದು ಅಂಗಲಾಚಿದ. ಎಷ್ಟು ವರ್ಷದಿಂದ ಕಾದಿದ್ದ ಮಾತು! ಮೇಬಲಳ ಎದೆ ತಣ್ಣಗಾಯಿತು. ಅವನು ಚಪ್ಪಲಿ ಹುಡುಕಿಕೊಂಡು, ಕರೆಸಿದ ಟ್ಯಾಕ್ಸಿಯವರೆಗೆ ತಡವರಿಸುತ್ತ ಹೋಗುವುದನ್ನು ಕಿಟಕಿಯಿಂದ ಕಣ್ತುಂಬ ನೋಡಿದಳು.

ಹಿಂದಿನಿಂದ ಹೆಸ್ಸಾ ಬಂದು ಬಟ್ಟಲುಗಳನ್ನು ಎತ್ತತೊಡಗಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಅವನು ನಿನ್ನ ಹೆಸರು ಮಾರ್ಕೊಂಡು ತಿಂತಿದ್ದ ಮಗಾ, ಅದಕ್ಕೇ..." ಎಂದು ಮೇಬಲ್ ತಬ್ಬಿಬ್ಬಾಗಿ ಕನ್ನಡದಲ್ಲೇ ಶುರುಮಾಡಿ, ಮತ್ತೆ ಅರೇಬಿಕ್‌ನಲ್ಲಿ ಹೇಳಿದಳು.

"ಅಡಿಲೇಡಿಗೆ ಅಪ್ಪ ಹೇಗೂ ಕಳಿಸುತ್ತಿದ್ದರು, ಮಿಸ್" ಎಂದಳು ಹೆಸ್ಸಾ. "ಕಾಫಿ ಮುಂದಿಟ್ಟು ಕೇಳಬೇಕಾಗಿದ್ದದ್ದು ಪರ್ತ್‌ಗೆ ಮಾತ್ರ."

ಅವಳು ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಮೇಬಲ್ ತನ್ನ ಕೈಚೀಲ ಹಿಡಿದುಕೊಂಡು, ಅವಳು ಹೊರಗೆ ಬರಲೆಂದು ಬಹಳ ಹೊತ್ತು ಅಲ್ಲೇ ನಿಂತಿದ್ದಳು.